ಮಂಗಳೂರು–ದುಬೈ ವಿಮಾನ: ದೂರ, ಹೊತ್ತು ನೀವೇ ಲೆಕ್ಕ ಹಾಕಿ

ಕಾಸರಗೋಡಿನ ನಮ್ಮ ಕಡೆ ಗಲ್ಫಿನಲ್ಲಿ ಯಾರೂ ಇಲ್ಲದ ಮನೆ ಕಡಿಮೆ. ಅವರು ಊರಿಗೆ ಬರುವಾಗ ವಿಮಾನ ಎಷ್ಟು ಹೊತ್ತಿಗೆ ಇಳಿಯುತ್ತದೆ ಅಂತ ಮನೆಯವರಿಗೆಲ್ಲ ಗೊಂದಲ. ಲೆಕ್ಕ ಕಷ್ಟದ್ದೇನಲ್ಲ.

ಮೊದಲು ದೂರ. ಕಂಪ್ಯೂಟರಿನಲ್ಲಿ ಗೂಗಲ್ ಮ್ಯಾಪ್ ತೆರೆಯಿರಿ, ಮಂಗಳೂರು ಏರ್‌ಪೋರ್ಟಿನ ಮೇಲೆ ಮೌಸಿನ ಬಲ ಬಟನ್ ಒತ್ತಿ, ದೂರ ಅಳೆಯುವುದನ್ನು ಆರಿಸಿ, ಆಮೇಲೆ ದುಬೈ ಏರ್‌ಪೋರ್ಟಿನ ಮೇಲೆ ಕ್ಲಿಕ್ ಮಾಡಿ. ಸುಮಾರು 2,460 ಕಿ.ಮೀ. ಬರುತ್ತದೆ. ಗೆರೆ ಸ್ವಲ್ಪ ಬಾಗಿರುತ್ತದೆ, ಭೂಮಿ ಉರುಟು ಅಲ್ವಾ. ಕಣ್ಣೂರಿನಿಂದಾದರೆ ಸುಮಾರು 2,590. ಟಿಕೆಟಿನಲ್ಲಿ ದುಬೈ ಇದೆಯೋ ಶಾರ್ಜಾ ಇದೆಯೋ ಒಮ್ಮೆ ನೋಡಿಕೊಳ್ಳಿ, ಅವು ಬೇರೆ ಬೇರೆ ಏರ್‌ಪೋರ್ಟ್.

ಇನ್ನು ಹೊತ್ತು. ಕಿ.ಮೀ. ಅನ್ನು 800ರಿಂದ ಭಾಗಿಸಿ, ಏರುವುದಕ್ಕೆ ಇಳಿಯುವುದಕ್ಕೆ ಅಂತ ಅರ್ಧ ಗಂಟೆ ಸೇರಿಸಿ. ಮಂಗಳೂರು–ದುಬೈಗೆ ಮೂರು ಗಂಟೆ 35 ನಿಮಿಷ ಸಿಗುತ್ತದೆ. ಚಳಿಗಾಲದಲ್ಲಿ ಮೇಲಿನ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸುತ್ತದೆ, ಹಾಗಾಗಿ ಆಗ ಹೋಗುವಾಗ ಜಾಸ್ತಿ ಹೊತ್ತು, ಊರಿಗೆ ಬರುವಾಗ ಕಡಿಮೆ.

ಎಲ್ಲರೂ ಎಡವುವುದು ಗಡಿಯಾರದಲ್ಲಿ. ಟಿಕೆಟಿನಲ್ಲಿ ಹೊರಡುವ ಹೊತ್ತು ಹೊರಡುವ ಊರಿನದ್ದು, ಇಳಿಯುವ ಹೊತ್ತು ಇಳಿಯುವ ಊರಿನದ್ದು. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಇಲ್ಲಿಂದ ರಾತ್ರಿ 8ಕ್ಕೆ ಹೊರಟವರು ನಮ್ಮ ಗಡಿಯಾರದಲ್ಲಿ 11.35ಕ್ಕೆ ಇಳಿಯುತ್ತಾರೆ, ಅಲ್ಲಿಯ ಗಡಿಯಾರದಲ್ಲಿ 10.05. ಬರುವಾಗ ಉಲ್ಟಾ, ಒಂದೂವರೆ ಗಂಟೆ ಕೂಡಿಸಬೇಕು.

ನಡುರಾತ್ರಿಯ ವಿಮಾನವಾದರೆ ತಾರೀಕನ್ನು ಎರಡು ಸಲ ಓದಿ. ನಮ್ಮ ಭಾವ ಒಮ್ಮೆ 'ಶನಿವಾರ 12.40ಕ್ಕೆ ಹೊರಡುತ್ತೇನೆ' ಅಂತ ಮೆಸೇಜ್ ಹಾಕಿದ್ದರು. ನಾವು ಮಧ್ಯಾಹ್ನ ಅಂದುಕೊಂಡು, ಸಂಜೆ ಹೋದರೆ ಸಾಕು ಅಂತ ಮಲಗಿದೆವು. ಅದು ಶುಕ್ರವಾರ ರಾತ್ರಿ ಕಳೆದ 12.40. ಬೆಳಿಗ್ಗೆ 6 ಗಂಟೆಗೆ ಫೋನ್ ಬಂತು, 'ಎಲ್ಲಿದ್ದೀರಿ, ನಾನು ಹೊರಗೆ ಬಂದಾಯ್ತು' ಅಂತ. ಬದಿಯಡ್ಕದಿಂದ ನಾವು ತಲುಪುವವರೆಗೆ ಅವರು ಎರಡು ಪೆಟ್ಟಿಗೆ, ಒಂದು ಕಂಬಳಿಯ ಕಟ್ಟು ಇಟ್ಟುಕೊಂಡು ಟ್ರಾಲಿಯ ಪಕ್ಕದಲ್ಲೇ ನಿಂತಿದ್ದರು. ಎರಡು ವರ್ಷದ ಮೇಲೆ ಊರಿಗೆ ಬಂದವರನ್ನು ಹಾಗೆ ನಿಲ್ಲಿಸಿದ್ದು ನನಗೆ ಇವತ್ತಿಗೂ ಬೇಜಾರು. ಅದಕ್ಕೇ ಹೇಳುವುದು, 00.40 ಅಂತಲೇ ಬರೆಯಲು ಹೇಳಿ, ಟಿಕೆಟಿನ ಫೋಟೋ ತರಿಸಿಕೊಂಡರೆ ಇನ್ನೂ ಒಳ್ಳೆಯದು.

ಇಳಿದ ಮೇಲೆ ಇಮಿಗ್ರೇಷನ್, ಲಗೇಜು ಅಂತ ಒಂದು ಗಂಟೆ ಹಿಡಿಯಿರಿ. ನಮ್ಮ ಕಡೆಯಿಂದ ಕುಂಬಳೆ, ತಲಪಾಡಿ ದಾಟಿ ಹೋಗಲು ಎರಡು ಗಂಟೆ, ಮಂಗಳೂರಿನ ಪಂಪ್‌ವೆಲ್, ನಂತೂರಿನ ಟ್ರಾಫಿಕ್ ಬ್ಲಾಕಿಗೆ ಅಂತ ಇನ್ನರ್ಧ ಗಂಟೆ. ಸುಮ್ನೆ ಬೇಗ ಹೋಗಿ ಕಾಯುವುದೂ ಬೇಡ. ವಿಮಾನ ಎಲ್ಲಿದೆ ಅಂತ ತೋರಿಸುವ ಫ್ಲೈಟ್‌ರಾಡಾರ್24 ವೆಬ್‌ಸೈಟಿನಲ್ಲಿ ವಿಮಾನದ ನಂಬರ್ ಹಾಕಿದರೆ ದುಬೈಯಿಂದ ಹಾರಿತೋ ಇಲ್ಲವೋ ಗೊತ್ತಾಗುತ್ತದೆ. ಹಾರಿ ಒಂದೂವರೆ ಗಂಟೆ ಆದ ಮೇಲೆ ನೀವು ಮನೆಯಿಂದ ಹೊರಡಿ.