ಎಲಾ ಫಿಟ್ಜೆರಾಲ್ಡ್ ಬದುಕನ್ನು ಕೇಳಿಸುವ ಸಂಜೆ: ಮಂಗಳೂರಿನಲ್ಲಿ ಜಾಝ್ ಆಲಿಕೆ ಗೋಷ್ಠಿ ನಡೆಸುವ ಬಗೆ

ಅಮೆರಿಕದ ಜಾಝ್ ಗಾಯಕಿ ಎಲಾ ಫಿಟ್ಜೆರಾಲ್ಡ್ ಅವರ ಜೀವನವನ್ನು ಪರಿಚಯಿಸಲು ಉಪನ್ಯಾಸಕ್ಕಿಂತ ಆಲಿಕೆ ಗೋಷ್ಠಿ ಹೆಚ್ಚು ಸೂಕ್ತವಾದುದು. ಒಂದೇ ಹಾಡನ್ನು ಅವರು ವರ್ಷ ಕಳೆದಂತೆ ಹೇಗೆ ಬದಲಿಸುತ್ತಾ ಹೋದರು ಎಂಬುದರಲ್ಲೇ ಅವರ ಸಾಧನೆಯ ಬಹುಪಾಲು ಇದೆ. ಅದನ್ನು ಕೇಳಿಸದೆ ಬರಿಯ ಮಾತಿನಲ್ಲಿ ತಿಳಿಸಲು ಬರುವುದಿಲ್ಲ. ಮಂಗಳೂರಿನಲ್ಲಿ ಇಂಥ ಗೋಷ್ಠಿಗೆ ವಿಶೇಷ ಅನುಕೂಲವೂ ಉಂಟು. ಇಗರ್ಜಿಯ ಗಾಯನವೃಂದದಲ್ಲಿ ಹಾಡಿದವರಿಗೆ ಹಲವು ಸ್ವರಗಳು ಒಟ್ಟಿಗೆ ನುಡಿಯುವ ಸಾಮರಸ್ಯದ ಪರಿಚಯವಿರುತ್ತದೆ, ಕರ್ನಾಟಕ ಸಂಗೀತ ಕಲಿತವರಿಗೆ ಮನೋಧರ್ಮ, ಎಂದರೆ ಹಾಡುತ್ತಲೇ ಕಲ್ಪಿಸಿಕೊಳ್ಳುವುದು, ಏನೆಂದು ತಿಳಿದಿರುತ್ತದೆ. ಜಾಝ್ ಕೇಳಲು ಈ ಎರಡು ಬಗೆಯ ಕಿವಿಯೂ ಬೇಕು. ಆದುದರಿಂದ ಆಹ್ವಾನ ಕೊಡುವಾಗಲೇ ಎರಡೂ ಬಳಗದವರನ್ನು ಕರೆಯಬೇಕು ಮತ್ತು ಅವರನ್ನು ಬೆರೆಸಿ ಕೂರಿಸಬೇಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೀಟಿನ ಮಾಡಿನ ಸಭಾಂಗಣವನ್ನು ಆರಿಸಬಾರದು. ಮಳೆಯ ಸದ್ದಿಗೆ ಬೇಸ್ ವಾದ್ಯದ ಒಂದು ಸ್ವರವೂ ಕೇಳಿಸುವುದಿಲ್ಲ. ದೀಪಾವಳಿಯ ನಂತರವಾದರೆ ಯಕ್ಷಗಾನ ಮೇಳಗಳ ತಿರುಗಾಟ ಮೇ ಕೊನೆಯ ಭಾಗದ ಪತ್ತನಾಜೆಯವರೆಗೂ ಇರುವುದರಿಂದ, ಆಟವಿಲ್ಲದ ದಿನವನ್ನು ಮೊದಲೇ ವಿಚಾರಿಸಿಕೊಳ್ಳಬೇಕು. ಇಪ್ಪತ್ತೈದು ಮಂದಿ ಹಿಡಿಸುವ ಮನೆಯ ಚಾವಡಿಯಾದರೂ ಸಾಕು. ಸಭೆಯ ಮೈಕ್‌ಸೆಟ್ ಬೇಡ. ಎರಡು ಒಳ್ಳೆಯ ಸ್ಪೀಕರ್‌ಗಳನ್ನು ಕುಳಿತವರ ಕಿವಿಯ ಎತ್ತರಕ್ಕೆ ಇಟ್ಟು, ಬೇಸ್ ಹೆಚ್ಚಿಸದೆ, ಮಾತಿನ ಮಟ್ಟಕ್ಕಿಂತ ಸ್ವಲ್ಪವೇ ಮೇಲಿನ ಸದ್ದಿನಲ್ಲಿ ಕೇಳಿಸಬೇಕು.

ಎರಡು ಗಂಟೆಯ ಗೋಷ್ಠಿಗೆ ಆರೇಳು ಧ್ವನಿಮುದ್ರಿಕೆಗಳು ಸಾಕಾಗುತ್ತವೆ, ಏಕೆಂದರೆ ಮುಖ್ಯವಾದವುಗಳನ್ನು ಎರಡೆರಡು ಬಾರಿ ಕೇಳಿಸಬೇಕಾಗುತ್ತದೆ. ಹುಟ್ಟಿದ ಊರಿನಿಂದ ಆರಂಭಿಸುವ ಬದಲು 1938ರ ‘ಎ-ಟಿಸ್ಕೆಟ್, ಎ-ಟಾಸ್ಕೆಟ್’ ಹಾಡನ್ನು ಮೊದಲು ಹಾಕಿ. ಮಕ್ಕಳ ಪದವೊಂದನ್ನು ಆಧರಿಸಿದ ಈ ಹಾಡು ಫಿಟ್ಜೆರಾಲ್ಡ್ ಅವರನ್ನು ಅಮೆರಿಕದಾದ್ಯಂತ ಮನೆಮಾತಾಗಿಸಿತು. ಹಾಡು ಮುಗಿದ ಮೇಲೆ ಹಿಂದಿನ ಕಥೆಯನ್ನು ಚುಟುಕಾಗಿ ಹೇಳಿ: 1917ರ ಏಪ್ರಿಲ್ 25ರಂದು ವರ್ಜೀನಿಯಾದ ನ್ಯೂಪೋರ್ಟ್ ನ್ಯೂಸ್‌ನಲ್ಲಿ ಜನನ, ನ್ಯೂಯಾರ್ಕ್ ಸಮೀಪದ ಯಾಂಕರ್ಸ್‌ನಲ್ಲಿ ಬಾಲ್ಯ, 1932ರಲ್ಲಿ ತಾಯಿಯ ಮರಣ, ಆ ಬಳಿಕ ಬಾಲಕಿಯರ ಸುಧಾರಣಾ ಶಾಲೆಯ ಕಷ್ಟದ ದಿನಗಳು. 1934ರ ನವೆಂಬರ್‌ನಲ್ಲಿ ಹಾರ್ಲೆಮ್‌ನ ಅಪೊಲೊ ಥಿಯೇಟರಿನ ಹವ್ಯಾಸಿಗಳ ಸ್ಪರ್ಧೆಗೆ ನರ್ತಿಸಲೆಂದು ಹೋದ ಹದಿನೇಳರ ಹುಡುಗಿ, ತನಗಿಂತ ಮೊದಲು ಕುಣಿದವರ ಚಾತುರ್ಯ ಕಂಡು ಅಳುಕಿ, ಹಾಡಲು ನಿಶ್ಚಯಿಸಿ, ತಾನು ಮೆಚ್ಚಿದ್ದ ಗಾಯಕಿ ಕಾನಿ ಬಾಸ್ವೆಲ್ ಅವರ ಶೈಲಿಯಲ್ಲಿ ಹಾಡಿ ಗೆದ್ದಳು.

ಮರುವರ್ಷ ಅವರು ಡ್ರಮ್ ವಾದಕ ಚಿಕ್ ವೆಬ್ ಅವರ ತಂಡವನ್ನು ಸೇರಿದರು. ಆ ತಂಡ ನುಡಿಸುತ್ತಿದ್ದುದು ಹಾರ್ಲೆಮ್‌ನ ಸವಾಯ್ ಬಾಲ್‌ರೂಮಿನಲ್ಲಿ, ಕುಣಿಯುವವರಿಗಾಗಿ. ಭಾಗವತರು ವೇಷಧಾರಿಯ ಹೆಜ್ಜೆಯನ್ನು ನೋಡಿಕೊಂಡು ಪದ್ಯವನ್ನು ನಡೆಸುವಂತೆ, ಈ ಗಾಯಕಿಯೂ ನರ್ತಕರ ಕಾಲುಗಳ ಎದುರಿನಲ್ಲೇ ಲಯವನ್ನು ಕಲಿತರು. ಅವರ ಲಯ ಜೀವನಪರ್ಯಂತ ಕದಲದೆ ಉಳಿದುದಕ್ಕೆ ಇದೇ ಮುಖ್ಯ ಕಾರಣವೆಂದು ನನಗೆ ತೋರುತ್ತದೆ. 1939ರಲ್ಲಿ ವೆಬ್ ತೀರಿಕೊಂಡಾಗ ತಂಡವನ್ನು ಫಿಟ್ಜೆರಾಲ್ಡ್ ಅವರ ಹೆಸರಿನಲ್ಲೇ ಮುಂದುವರಿಸಲಾಯಿತು.

ಇಲ್ಲಿ ಒಂದು ಸಣ್ಣ ಅಭ್ಯಾಸ ಮಾಡಿಸಿ. ಆದಿತಾಳ ಹಾಕಿ ರೂಢಿಯಾದವರು ಮೊದಲ ಎಣಿಕೆಗೇ ತಟ್ಟುತ್ತಾರೆ. ಜಾಝ್‌ನಲ್ಲಿ ನಾಲ್ಕು ಎಣಿಕೆಗಳ ಪೈಕಿ ಎರಡನೆಯದಕ್ಕೂ ನಾಲ್ಕನೆಯದಕ್ಕೂ ತಟ್ಟಬೇಕು. ಎಲ್ಲರೂ ಕಾಲಿನಿಂದ ಒಂದು, ಮೂರನ್ನೂ ಕೈಯಿಂದ ಎರಡು, ನಾಲ್ಕನ್ನೂ ಹಿಡಿದು ಅದೇ ಹಾಡನ್ನು ಮತ್ತೊಮ್ಮೆ ಕೇಳಲಿ. ಗಾಯಕಿ ಎಣಿಕೆಗಿಂತ ಕೂದಲೆಳೆಯಷ್ಟು ಹಿಂದೆ ಪದವನ್ನು ಇಡುವುದು ಆಗ ಗಮನಕ್ಕೆ ಬರುತ್ತದೆ.

ಗೋಷ್ಠಿಯ ನಡುಭಾಗವನ್ನು ‘ಹೌ ಹೈ ದ ಮೂನ್’ ಹಾಡಿಗೇ ಮೀಸಲಿಡಿ. ಮೊದಲು 1947ರ ಮುದ್ರಿಕೆ, ಅನಂತರ 1960ರ ಫೆಬ್ರವರಿ 13ರ ಬರ್ಲಿನ್ ಕಛೇರಿಯದು. ಹಾಡಿನ ಒಂದು ಆವರ್ತ ಮೂವತ್ತೆರಡು ಬಾರ್‌ಗಳದು (ನಾಲ್ಕು ಎಣಿಕೆಗಳಿಗೆ ಒಂದು ಬಾರ್) ಎಂದು ತಿಳಿಸಿ, ಮೊದಲ ಆವರ್ತವನ್ನು ಎಲ್ಲರೂ ಬೆರಳಿನಲ್ಲಿ ಎಣಿಸುವಂತೆ ಮಾಡಿ. ಸಾಹಿತ್ಯ ಮುಗಿದು ಅರ್ಥವಿಲ್ಲದ ಅಕ್ಷರಗಳ ಗಾಯನ, ಎಂದರೆ ಸ್ಕ್ಯಾಟ್, ಆರಂಭವಾದಾಗಲೂ ಆ ಮೂವತ್ತೆರಡು ಬಾರ್‌ಗಳು ತಿರುಗುತ್ತಲೇ ಇರುತ್ತವೆ. ಸಭೆಯಲ್ಲಿ ಯಾರಾದರೂ ಇದನ್ನು ಕಲ್ಪನಾಸ್ವರಕ್ಕೆ, ಎಂದರೆ ಸರಿಗಮ ಅಕ್ಷರಗಳಲ್ಲಿ ಆಶುವಾಗಿ ಹಾಡುವುದಕ್ಕೆ, ಹೋಲಿಸಿಯೇ ಹೋಲಿಸುತ್ತಾರೆ. ಹೋಲಿಕೆ ಸ್ವಲ್ಪ ದೂರ ಸರಿಯಾದುದೇ, ಆದರೆ ಎರಡು ವ್ಯತ್ಯಾಸಗಳನ್ನು ಸ್ಪಷ್ಟಪಡಿಸಲೇಬೇಕು. ಸರಿಗಮ ಎಂಬ ಅಕ್ಷರಗಳು ತಾವು ಸೂಚಿಸುವ ಸ್ವರದ ಹೆಸರುಗಳಾಗಿವೆ. ಸ್ಕ್ಯಾಟ್‌ನ ಅಕ್ಷರಗಳು ಸ್ವರದ ಹೆಸರು ಹೇಳದೆ ಟ್ರಂಪೆಟ್, ಸ್ಯಾಕ್ಸೊಫೋನ್‌ಗಳ ನುಡಿತವನ್ನು ಬಾಯಿಗೆ ತರುತ್ತವೆ. 1940ರ ದಶಕದಲ್ಲಿ ಟ್ರಂಪೆಟ್ ವಾದಕ ಡಿಝಿ ಗಿಲೆಸ್ಪಿ ಅವರ ತಂಡದೊಂದಿಗೆ ಹಾಡುತ್ತಾ ಆ ಕಾಲದ ಹೊಸ ಬೀಬಾಪ್ ಶೈಲಿಯನ್ನು ಫಿಟ್ಜೆರಾಲ್ಡ್ ಕಿವಿಯಿಂದಲೇ ಕಲಿತರು. ಎರಡನೆಯ ವ್ಯತ್ಯಾಸ ಇನ್ನೂ ಮುಖ್ಯವಾದುದು. ಕರ್ನಾಟಕ ಸಂಗೀತದ ಗಾಯಕ ಸ್ಥಿರವಾದ ಶ್ರುತಿಯ ಮೇಲೆ ರಾಗವನ್ನು ಬೆಳೆಸಿದರೆ, ಇಲ್ಲಿ ಗಾಯಕಿಯ ಕೆಳಗೆ ಕಾರ್ಡ್‌ಗಳು, ಎಂದರೆ ಒಟ್ಟಿಗೆ ನುಡಿಯುವ ಸ್ವರಗುಚ್ಛಗಳು, ಒಂದೆರಡು ಬಾರ್‌ಗೊಮ್ಮೆ ಸ್ಥಳಾಂತರಗೊಳ್ಳುತ್ತಿರುತ್ತವೆ, ಮತ್ತು ಆಶುವಾಗಿ ಹುಟ್ಟಿದ ಪ್ರತಿ ಪದಗುಚ್ಛವೂ ಆ ಕ್ಷಣದ ಕಾರ್ಡಿಗೆ ಹೊಂದಿಕೊಳ್ಳಬೇಕಾಗುತ್ತದೆ. ಇದನ್ನು ವಿವರಿಸಲು ಗಾಯನವೃಂದದ ಒಬ್ಬರು ಬೇಸ್ ಸ್ವರಗಳನ್ನು ಗುನುಗಲಿ, ಕರ್ನಾಟಕ ಸಂಗೀತದವರೊಬ್ಬರು ಅದರ ಮೇಲೆ ಮೂಲ ಧಾಟಿಯನ್ನು ಹಾಡಲಿ. ಮೊದಲೇ ಹೇಳಿಟ್ಟು ಸಿದ್ಧತೆ ಮಾಡಿಸಿದರೆ ಐದು ನಿಮಿಷದ ಈ ಪ್ರಯೋಗ ಒಂದು ಗಂಟೆಯ ವಿವರಣೆಗಿಂತ ಹೆಚ್ಚು ತಿಳಿಸುತ್ತದೆ. ಬಳಿಕ ಬರ್ಲಿನ್ ಮುದ್ರಿಕೆಯನ್ನು ಪೂರ್ತಿ ಕೇಳಿಸಿ; ಇತರ ಹಾಡುಗಳ ತುಣುಕುಗಳನ್ನು ಒಂದರ ಹಿಂದೊಂದರಂತೆ ಅವರು ಅದರೊಳಗೆ ಹೆಣೆದಿದ್ದಾರೆ.

ಅದೇ ರಾತ್ರಿಯ ‘ಮ್ಯಾಕ್ ದ ನೈಫ್’ ಅನ್ನೂ ಬಿಡಬಾರದು. ಕುರ್ಟ್ ವೈಲ್ ಸಂಗೀತ, ಬ್ರೆಖ್ಟ್ ಸಾಹಿತ್ಯದ ಈ ಹಾಡು 1928ರಲ್ಲಿ ಬರ್ಲಿನ್‌ನ ರಂಗದ ಮೇಲೆಯೇ ಹುಟ್ಟಿತ್ತು. ನಡುವೆ ಸಾಹಿತ್ಯ ಮರೆತುಹೋದಾಗ, ಮರೆತೆನೆಂಬುದನ್ನೇ ಪ್ರಾಸಬದ್ಧವಾಗಿ ಹಾಡಿ, ಜಾಝ್ ಗಾಯಕ ಲೂಯಿ ಆರ್ಮ್‌ಸ್ಟ್ರಾಂಗ್ ಅವರ ಕಂಠವನ್ನು ಅನುಕರಿಸಿ, ಅವರು ಹಾಡನ್ನು ದಡ ಸೇರಿಸಿದರು. ಈ ಮುದ್ರಿಕೆಗೆ ಗ್ರ್ಯಾಮಿ ಪ್ರಶಸ್ತಿ ಬಂತು.

ವೃತ್ತಿಜೀವನದ ತಿರುವನ್ನು ಹೇಳುವಾಗ ಯಂತ್ರದ ಪಾತ್ರವನ್ನು ಮರೆಯಬೇಡಿ. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಗ್ರಾಮಫೋನ್ ತಟ್ಟೆಯ ಒಂದು ಬದಿಯಲ್ಲಿ ಸುಮಾರು ಮೂರು ನಿಮಿಷವಷ್ಟೇ ಹಿಡಿಯುತ್ತಿತ್ತು. 1948ರಲ್ಲಿ ಎಲ್‌ಪಿ, ಎಂದರೆ ಹೆಚ್ಚು ಹೊತ್ತು ನುಡಿಯುವ ತಟ್ಟೆ, ಬಂದ ಮೇಲೆ ಒಬ್ಬ ರಚನಕಾರರ ಹಾಡುಗಳನ್ನೆಲ್ಲ ಒಂದೆಡೆ ಹಾಡುವ ಯೋಜನೆ ಸಾಧ್ಯವಾಯಿತು. ವ್ಯವಸ್ಥಾಪಕ ನಾರ್ಮನ್ ಗ್ರಾನ್ಝ್ ಅವರ ವರ್ವ್ ಧ್ವನಿಮುದ್ರಣ ಸಂಸ್ಥೆಗಾಗಿ 1956ರಲ್ಲಿ ರಚನಕಾರ ಕೋಲ್ ಪೋರ್ಟರ್ ಅವರ ಹಾಡುಗಳ ಸಂಪುಟದೊಂದಿಗೆ ಆರಂಭವಾದ ಮಾಲೆ 1964ರವರೆಗೆ ನಡೆಯಿತು; 1959ರ ಗರ್ಶ್ವಿನ್ ಸಂಪುಟವೊಂದೇ ಐದು ಎಲ್‌ಪಿಗಳದು. ಇದೇ ಗ್ರಾನ್ಝ್ ಕರಿಯರು ಬಿಳಿಯರು ಒಟ್ಟಿಗೆ ಕೂರಬೇಕೆಂದು ಪಟ್ಟುಹಿಡಿದು ಕಛೇರಿ ನಡೆಸುತ್ತಿದ್ದರು. 1955ರಲ್ಲಿ ಹ್ಯೂಸ್ಟನ್ನಿನಲ್ಲಿ ಅಂಥ ಒಂದು ಕಛೇರಿಯ ವೇಳೆ ಪೊಲೀಸರು ವೇದಿಕೆಯ ಹಿಂದಿನ ಕೋಣೆಗೆ ನುಗ್ಗಿ ಫಿಟ್ಜೆರಾಲ್ಡ್ ಅವರನ್ನೂ ಬಂಧಿಸಿದ್ದನ್ನು ಹೇಳಲೇಬೇಕು.

ಅವರ ಗಾಯನದಲ್ಲಿ ನೋವಿನ ಆಳ ಸಾಲದೆಂಬ ಆಕ್ಷೇಪ ಹಳೆಯದು. ನಾನು ಅದನ್ನು ಒಪ್ಪುವುದಿಲ್ಲ. 1950ರಲ್ಲಿ ಎಲಿಸ್ ಲಾರ್ಕಿನ್ಸ್ ಅವರ ಪಿಯಾನೊ ಒಂದರ ಜೊತೆಗಷ್ಟೇ ಹಾಡಿದ ‘ಸಮ್‌ವನ್ ಟು ವಾಚ್ ಓವರ್ ಮಿ’ಯನ್ನು, ಮೊದಲು ಏನನ್ನೂ ಹೇಳದೆ, ಕೇಳಿಸಿ. ಹಿಂದೆಯೇ 1970ರ ದಶಕದಲ್ಲಿ ಗಿಟಾರ್ ವಾದಕ ಜೋ ಪಾಸ್ ಜೊತೆ ಹಾಡಿದ ಯಾವುದಾದರೂ ನಿಧಾನಗತಿಯ ಹಾಡನ್ನು ಹಾಕಿ. ಕಂಠದ ಕಂಪನ ಅಗಲವಾಗಿದೆ, ಉಸಿರು ಗಿಡ್ಡವಾಗಿದೆ, ಆದರೂ ಪದವನ್ನು ಇಡುವ ಜಾಣ್ಮೆ ಹಾಗೆಯೇ ಇದೆ. ಮಧುಮೇಹದಿಂದ 1993ರಲ್ಲಿ ಎರಡೂ ಕಾಲುಗಳನ್ನು ಕಳೆದುಕೊಂಡು, 1996ರ ಜೂನ್ 15ರಂದು ಅವರು ನಿಧನರಾದರು. ಈ ಭಾಗವನ್ನು ಲಂಬಿಸಬೇಡಿ.

ಕೈಗೆ ಕೊಡುವ ಹಾಳೆಯಲ್ಲಿ ಹಾಡು, ವರ್ಷ, ಜೊತೆಗಾರರ ಹೆಸರು ಮತ್ತು ಸಾಹಿತ್ಯದ ತಾತ್ಪರ್ಯವನ್ನು ಕನ್ನಡದಲ್ಲಿ ಅಚ್ಚುಮಾಡಿಸಿ. ಹಳೆಯ ಬರಹಗಳಲ್ಲಿ ಜನ್ಮವರ್ಷ 1918 ಎಂದಿರುವುದುಂಟು, ಅದನ್ನು ತಿದ್ದಿಕೊಳ್ಳಬೇಕು. ಮುಂದಿನ ಗೋಷ್ಠಿಗೆ ಜಾಝ್ ಗಾಯಕಿ ಬಿಲ್ಲಿ ಹಾಲಿಡೇ ಅವರನ್ನು ಆರಿಸುವುದಾದರೆ, 1935ರಿಂದ ಪಿಯಾನೊ ವಾದಕ ಟೆಡ್ಡಿ ವಿಲ್ಸನ್ ಜೊತೆ ಮಾಡಿದ ಮುದ್ರಿಕೆಗಳನ್ನೂ 1958ರ ‘ಲೇಡಿ ಇನ್ ಸ್ಯಾಟಿನ್’ ಸಂಪುಟವನ್ನೂ ಅದೇ ಹಾಳೆಯ ಕೆಳಗೆ ಸೂಚಿಸಿಬಿಡಿ. ಬರುವವರು ಮನೆಯಲ್ಲಿ ಒಮ್ಮೆ ಕೇಳಿಕೊಂಡು ಬರಲು ಒಂದು ತಿಂಗಳ ಅವಕಾಶ ಸಾಕಾಗುತ್ತದೆ.