‘ಸೇವೆ’ಯ ಎದುರು ಸೊನ್ನೆ ಬರೆಯಬೇಡಿ: ಇಂಗ್ಲೆಂಡಿನಲ್ಲಿ ಯಕ್ಷಗಾನಕ್ಕೆ ಅನುದಾನ ಕೇಳುವವರಿಗೆ

ಕಳೆದ ಆಟಿ ತಿಂಗಳ ಜಡಿಮಳೆಯ ಒಂದು ಮಧ್ಯಾಹ್ನ, ಲೆಸ್ಟರ್‌ನಿಂದ ರಜೆಗೆ ಬಂದಿದ್ದ ಹಳೆಯ ಶಿಷ್ಯನೊಬ್ಬ ಉಡುಪಿಯ ನಮ್ಮ ಮನೆಯ ಚಾವಡಿಯಲ್ಲಿ ಕುಳಿತು ಅರ್ಜಿಯೊಂದರ ಕರಡನ್ನು ನನ್ನ ಮುಂದಿಟ್ಟ. ಅಲ್ಲಿನ ಮಕ್ಕಳಿಗೆ ಯಕ್ಷಗಾನದ ಬಡಗು ಶೈಲಿಯಾದ ಬಡಗುತಿಟ್ಟಿನ ಹೆಜ್ಜೆ ಕಲಿಸಿ, ವರ್ಷದ ಕೊನೆಗೆ ಒಂದು ಆಟ, ಅಂದರೆ ಯಕ್ಷಗಾನ ಪ್ರದರ್ಶನ, ಆಡಿಸಬೇಕೆಂಬುದು ಅವನ ಆಸೆ. ಮೊದಲ ಎರಡು ಪುಟಗಳ ತುಂಬ ಯಕ್ಷಗಾನದ ಹಿರಿಮೆ. ಖರ್ಚಿನ ಪಟ್ಟಿಯಲ್ಲಿ ಸಭಾಂಗಣದ ಬಾಡಿಗೆಯಿತ್ತು, ವೇಷಭೂಷಣದ ಬಾಡಿಗೆಯಿತ್ತು, ಊಟದ ಖರ್ಚೂ ಇತ್ತು. ಭಾಗವತರು (ಹಾಡುವವರು), ಚೆಂಡೆ, ಮದ್ದಳೆ ಎಂಬ ಸಾಲಿನ ಎದುರು ಮಾತ್ರ ‘ಸೇವೆ’ ಎಂದು ಬರೆದು ಸೊನ್ನೆ ಹಾಕಿದ್ದ.

ಆ ಸೊನ್ನೆ ಕಂಡು ನನಗೆ ಸಂಕಟವಾಯಿತು. ಇಂಗ್ಲೆಂಡಿನಲ್ಲಿದ್ದ ಹನ್ನೆರಡು ವರ್ಷಗಳಲ್ಲಿ ನಾನು ಬರೆದ ಮೊದಲ ಅರ್ಜಿಯಲ್ಲೂ ಅದೇ ಸೊನ್ನೆಯಿತ್ತು. ಅರ್ಜಿ ತಿರಸ್ಕೃತವಾಯಿತು. ಅಲ್ಲಿರುವ ನಮ್ಮವರು ಅದೇ ತಪ್ಪನ್ನು ಮಾಡಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ನಮ್ಮಲ್ಲಿ ಕಲೆಗೆ ಹಣ ಬರುವ ದಾರಿಯೇ ಬೇರೆ. ದೇವಿಯ ಕ್ಷೇತ್ರಗಳಾದ ಮಂದಾರ್ತಿಗೋ ಕಟೀಲಿಗೋ ಹರಕೆ ಹೇಳಿಕೊಂಡವರು ವರ್ಷಗಟ್ಟಲೆ ಸರದಿ ಕಾದು ಆಟ ಆಡಿಸುತ್ತಾರೆ. ಹಣ ಕೊಡುವವರು ಅಮ್ಮನನ್ನು ನಂಬಿದವರು, ಅಲ್ಲಿನ ಯಕ್ಷಗಾನ ತಂಡವಾದ ಮೇಳವನ್ನು ಕಂಡವರು. ಈ ಆಟದಿಂದ ಯಾರಿಗೆ ಏನು ಪ್ರಯೋಜನವೆಂದು ಅವರು ಕೇಳುವುದಿಲ್ಲ. ಇಂಗ್ಲೆಂಡಿನಲ್ಲಿ ಅದೇ ಮೊದಲ ಪ್ರಶ್ನೆ.

ಆ ಪ್ರಶ್ನೆ ಕೇಳುವವರು ಮುಖ್ಯವಾಗಿ ಅಲ್ಲಿನ ಕಲಾ ಪರಿಷತ್ತಾದ ಆರ್ಟ್ಸ್ ಕೌನ್ಸಿಲ್ ಇಂಗ್ಲೆಂಡ್. ಬ್ರಿಟನ್ನಿನ ಕಲಾ ಪರಿಷತ್ತು ಹುಟ್ಟಿದ್ದು 1946ರಲ್ಲಿ. 1994ರಲ್ಲಿ ಅದು ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್ ಎಂದು ಬೇರೆಯಾಯಿತು. ಅದೇ ವರ್ಷ ನ್ಯಾಷನಲ್ ಲಾಟರಿ ಆರಂಭವಾಗಿ, ಟಿಕೆಟ್ ಹಣದ ಒಂದು ಪಾಲು ಕಲೆಗೂ ಬರತೊಡಗಿತು. ಹಣ ಸರ್ಕಾರದಿಂದಲೂ ಲಾಟರಿಯಿಂದಲೂ ಬರುತ್ತದೆ, ಆದರೆ ಯಾರಿಗೆ ಕೊಡಬೇಕೆಂಬ ತೀರ್ಮಾನ ಮಂತ್ರಿಗಳದಲ್ಲ, ಪರಿಷತ್ತಿನದು. ಆದ್ದರಿಂದ ಸಂಸದರ ಶಿಫಾರಸು ಪತ್ರಕ್ಕಾಗಿ ಓಡಾಡಬೇಡಿ. ಆ ಸಮಯದಲ್ಲಿ ಹತ್ತಿರದ ಶಾಲೆಗೋ ಗ್ರಂಥಾಲಯಕ್ಕೋ ಹೋಗಿ, ‘ಇವರ ತರಗತಿಗೆ ನಮ್ಮಲ್ಲಿ ಜಾಗ ಕೊಡುತ್ತೇವೆ’ ಎಂಬ ಒಂದು ಪತ್ರ ತನ್ನಿ. ಅದಕ್ಕೆ ಬೆಲೆಯಿದೆ.

ತಂಡಗಳಿಗೂ ಒಬ್ಬೊಬ್ಬ ಕಲಾವಿದರಿಗೂ ಒದಗುವುದು ಪರಿಷತ್ತಿನ ನ್ಯಾಷನಲ್ ಲಾಟರಿ ಪ್ರಾಜೆಕ್ಟ್ ಗ್ರಾಂಟ್ಸ್ ಎಂಬ ಅನುದಾನ. 1,000 ಪೌಂಡಿನಿಂದ 1,00,000 ಪೌಂಡಿನವರೆಗೆ ಕೇಳಬಹುದು. 30,000 ಪೌಂಡಿನವರೆಗಿನದು ಸಣ್ಣ ಅರ್ಜಿ. ಮೊದಲ ಬಾರಿಗೆ ಅಷ್ಟರೊಳಗೇ ಇರುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಒಟ್ಟು ವೆಚ್ಚದ ಕನಿಷ್ಠ ಶೇ. 10ರಷ್ಟು ಬೇರೆ ಕಡೆಯಿಂದ ಬರಬೇಕು. ಇಲ್ಲಿಯೇ ನಮ್ಮವರು ಎದೆಗುಂದುವುದು. ಆದರೆ ಆ ಪಾಲು ನಗದೇ ಆಗಬೇಕೆಂದಿಲ್ಲ. ಶಾಲೆ ಪುಕ್ಕಟೆ ಕೊಟ್ಟ ಸಭಾಂಗಣ, ಒಬ್ಬರು ಪುಕ್ಕಟೆ ಮಾಡಿಕೊಟ್ಟ ಧ್ವನಿವ್ಯವಸ್ಥೆ, ಸ್ವಯಂಸೇವಕರು ಕೊಟ್ಟ ಹೊತ್ತು, ಇವೆಲ್ಲಕ್ಕೂ ನ್ಯಾಯವಾದ ಬೆಲೆ ಕಟ್ಟಿ ತೋರಿಸಬಹುದು. ಸೇವೆ ಎಂಬ ನಮ್ಮ ಮಾತಿಗೆ ಅಲ್ಲಿ ಜಾಗವಿಲ್ಲವೆಂದಲ್ಲ. ಇಷ್ಟು ಗಂಟೆ, ಇಷ್ಟು ಪೌಂಡ್ ಎಂದು ಬರೆದರೆ ಅದೂ ಬಂಡವಾಳವೇ.

ಕಲಾವಿದರ ಸಂಭಾವನೆಯ ಮಾತು ಬೇರೆ. ಹಾಡುವವರಿಗೆ, ಬಾರಿಸುವವರಿಗೆ, ಕಲಿಸುವವರಿಗೆ ಆ ದೇಶದಲ್ಲಿ ನಡೆಯುವ ದರದಲ್ಲಿ ಹಣ ಕೊಡುತ್ತೀರಾ ಎಂದು ಪರಿಷತ್ತು ನೋಡುತ್ತದೆ. ಕಲಾವಿದರ ಸಂಘಗಳಾದ ಈಕ್ವಿಟಿ, ಮ್ಯುಸಿಷಿಯನ್ಸ್ ಯೂನಿಯನ್ ಪ್ರಕಟಿಸುವ ದರಗಳನ್ನು ನೋಡಿಕೊಳ್ಳಿ. ವೇಷ ಕಟ್ಟುವ ಕೋಣೆಯಾದ ಚೌಕಿಯಲ್ಲಿ ಎರಡು ಗಂಟೆ ಕನ್ನಡಿಯ ಮುಂದೆ ಕುಳಿತು, ಸಫೇತ, ಇಂಗಳೀಕದ ಬಣ್ಣ ಕಲಸಿ ಮುಖವರ್ಣಿಕೆ ಬರೆದು, ಕೇದಗೆ ಮುಂದಲೆ ಎಂಬ ತಲೆಯ ಅಲಂಕಾರ ಕಟ್ಟಿಸಿಕೊಳ್ಳುವ ಹೊತ್ತೂ ದುಡಿಮೆಯೇ. ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಶಿಷ್ಯನ ಕೈಯಲ್ಲಿ ಆ ಸೊನ್ನೆಯನ್ನು ಹೊಡೆದುಹಾಕಿಸಿ ಪಟ್ಟಿಯನ್ನು ಮೊದಲಿನಿಂದ ಬರೆಸಿದೆ. ಭಾಗವತರಿಗೆ ಪ್ರದರ್ಶನದ ದಿನ ಬೇರೆ, ತಾಲೀಮಿನ ದಿನಗಳು ಬೇರೆ. ವೇಷ ಕಟ್ಟುವವರಿಗೆ ಒಂದು ಪ್ರತ್ಯೇಕ ಸಾಲು. ಯಕ್ಷಗಾನದ ಹಿರಿಮೆಯನ್ನು ನಾಲ್ಕು ವಾಕ್ಯಗಳಿಗೆ ಇಳಿಸಿ, ಉಳಿದ ಜಾಗದಲ್ಲಿ ಮಕ್ಕಳು ಎಷ್ಟು, ಯಾವ ಬಡಾವಣೆಯವರು, ಕನ್ನಡ ಬಾರದವರಿಗೆ ಕಥೆ ಹೇಗೆ ತಿಳಿಯುತ್ತದೆ ಎಂಬುದನ್ನು ಬರೆದೆವು. ಈ ಕೊನೆಯ ಪ್ರಶ್ನೆಗೆ ನಿಮ್ಮ ಬಳಿ ಉತ್ತರ ಇರಲೇಬೇಕು.

ಒಂದು ಎಚ್ಚರಿಕೆ. ತೀರ್ಮಾನ ಬರುವ ಮೊದಲೇ ಆರಂಭವಾದ ಕೆಲಸಕ್ಕೆ ಹಣವಿಲ್ಲ. ನವರಾತ್ರಿಗೆ ಕಾರ್ಯಕ್ರಮವೆಂದರೆ ಬೇಸಿಗೆಯ ಮೊದಲೇ ಅರ್ಜಿ ಸಿದ್ಧವಿರಲಿ. ಆನ್‌ಲೈನ್ ಖಾತೆಯ ಪರಿಶೀಲನೆಗೂ ದಿನಗಳು ಹಿಡಿಯುತ್ತವೆ. ಹಣದ ಕೊನೆಯ ಕಂತು ಸಿಗುವುದು ವರದಿ ಒಪ್ಪಿಸಿದ ಮೇಲೆ.

ಪ್ರದರ್ಶನದ ಗೊಡವೆಯಿಲ್ಲದೆ ತಾನೇ ಬೆಳೆಯಬೇಕೆನ್ನುವ ಕಲಾವಿದರಿಗೆ ‘ಡೆವಲಪಿಂಗ್ ಯುವರ್ ಕ್ರಿಯೇಟಿವ್ ಪ್ರಾಕ್ಟೀಸ್’ ಎಂಬ ಇನ್ನೊಂದು ಯೋಜನೆಯಿದೆ. 2,000ದಿಂದ 12,000 ಪೌಂಡ್. ಊರಿನ ಗುರುಗಳ ಬಳಿ ಕೆಲವು ತಿಂಗಳು ಕೂತು ಕಲಿಯಬೇಕೆಂದಿದ್ದರೆ ಕೇಳಬೇಕಾದದ್ದು ಇದನ್ನೇ. ಪೈಪೋಟಿ ಬಹಳ.

ಕನ್ನಡ ಕೂಟದಂಥ ಸಣ್ಣ ಗುಂಪುಗಳು ನ್ಯಾಷನಲ್ ಲಾಟರಿ ಕಮ್ಯುನಿಟಿ ಫಂಡ್‌ನ ‘ಅವಾರ್ಡ್ಸ್ ಫಾರ್ ಆಲ್’ ಯೋಜನೆಯನ್ನು ನೋಡಬಹುದು. ಇಂಗ್ಲೆಂಡಿನಲ್ಲಿ 300ರಿಂದ 20,000 ಪೌಂಡ್. ನೋಂದಾಯಿತ ದತ್ತಿಸಂಸ್ಥೆ ಆಗಿರಲೇಬೇಕೆಂದಿಲ್ಲ. ಆದರೆ ಬರೆದಿಟ್ಟ ನಿಯಮಾವಳಿ ಮತ್ತು ಗುಂಪಿನ ಹೆಸರಿನಲ್ಲೇ ಬ್ಯಾಂಕ್ ಖಾತೆ ಬೇಕು. ಆ ಖಾತೆಗೆ ಸಂಬಂಧಿಕರಲ್ಲದ ಇಬ್ಬರು ಸಹಿ ಹಾಕುವಂತಿರಬೇಕು. ಗಂಡ ಅಧ್ಯಕ್ಷ, ಹೆಂಡತಿ ಖಜಾಂಚಿ ಆಗಿರುವ ಕೂಟಗಳು ನಮ್ಮಲ್ಲಿ ಎಷ್ಟೋ. ಅವರ ಪ್ರಾಮಾಣಿಕತೆಯ ಬಗ್ಗೆ ನನಗೆ ಸಂಶಯವಿಲ್ಲ, ಆದರೆ ಸಹಿ ಹಾಕಲು ಅವರಿಬ್ಬರೇ ಇದ್ದರೆ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ದತ್ತಿಸಂಸ್ಥೆಯಾದರೆ ಗಿಫ್ಟ್ ಏಯ್ಡ್ ಮೂಲಕ, ಅಲ್ಲಿ ತೆರಿಗೆ ಕಟ್ಟುವವರು ಕೊಟ್ಟ ಪ್ರತಿ ಪೌಂಡಿಗೆ 25 ಪೆನ್ಸ್ ಸರ್ಕಾರದಿಂದ ಬರುತ್ತದೆ. ಕಲೆಯ ಅನುದಾನಕ್ಕೆ ಸ್ಕಾಟ್ಲೆಂಡಿನವರು ಅಲ್ಲಿನ ಕ್ರಿಯೇಟಿವ್ ಸ್ಕಾಟ್ಲೆಂಡ್ ಸಂಸ್ಥೆಯನ್ನು ಕೇಳಬೇಕು.

ವಿದ್ಯಾರ್ಥಿ ವೀಸಾದಲ್ಲಿರುವ ಮಣಿಪಾಲ, ಸುರತ್ಕಲ್ ಕಡೆಯ ಮಕ್ಕಳಿಗೆ ಒಂದು ಮಾತು: ಆ ವೀಸಾದಲ್ಲಿ ಸ್ವಂತ ಉದ್ಯೋಗ ಮಾಡುವಂತಿಲ್ಲ, ವೃತ್ತಿಪರ ಕಲಾವಿದರಾಗಿ ದುಡಿಯುವಂತಿಲ್ಲ. ಸಂಭಾವನೆಯ ಪಟ್ಟಿಯಲ್ಲಿ ನಿಮ್ಮ ಹೆಸರು ಸೇರಿಸುವ ಮೊದಲು ವಿಶ್ವವಿದ್ಯಾಲಯದ ವೀಸಾ ಸಲಹೆಗಾರರನ್ನು ಕೇಳಿ. ಊರಿನಿಂದ ಹಿರಿಯ ಕಲಾವಿದರನ್ನು ಕರೆಸುವುದಾದರೆ, ಸಂದರ್ಶಕ ವೀಸಾದಲ್ಲಿ ಸಂಭಾವನೆ ಪಡೆಯಲು ಅಲ್ಲಿನ ಸಂಸ್ಥೆಯ ಆಹ್ವಾನ ಪತ್ರ ಪ್ರಯಾಣಕ್ಕೆ ಮೊದಲೇ ಅವರ ಕೈಯಲ್ಲಿರಬೇಕು. ತಿಂಗಳುಗಟ್ಟಲೆ ತಿರುಗಾಟವೆಂದರೆ ಪ್ರಾಯೋಜಕರಿರುವ ಕ್ರಿಯೇಟಿವ್ ವರ್ಕರ್ ವೀಸಾ ಬೇಕು. ವೀಸಾದ ಶುಲ್ಕ, ವಿಮಾನದ ಟಿಕೆಟ್, ಕಿರೀಟದ ಪೆಟ್ಟಿಗೆಯ ಸಾಗಣೆ, ಇವೂ ಖರ್ಚಿನ ಪಟ್ಟಿಯಲ್ಲಿ ಕಾಣಿಸಬೇಕು. ಶಿಷ್ಯನ ಹೊಸ ಪಟ್ಟಿಯಲ್ಲಿ ಪೆಟ್ಟಿಗೆಯ ಸಾಲು ಮರೆತುಹೋಗಿತ್ತು. ಅವನು ಮಂಗಳೂರು ವಿಮಾನ ನಿಲ್ದಾಣಕ್ಕೆ ಹೊರಟ ದಿನ ಫೋನ್ ಮಾಡಿ ಸೇರಿಸಿಸಿದೆ.