ರೆಗ್ಯುಲೇಟರ್ ಸಿಗದೆ ನಿಂತಿದ್ದ ಬೋರ್ಡ್
ನನ್ನ ಸೆನ್ಸರ್ ಬೋರ್ಡ್‌ಗೆ ಒಂದೇ ಕಂಪನಿ ಮಾಡುವ 3.3 ವೋಲ್ಟ್ ರೆಗ್ಯುಲೇಟರ್ (ವೋಲ್ಟೇಜನ್ನು ಸ್ಥಿರವಾಗಿಡುವ ಚಿಪ್) ಹಾಕಿದ್ದೆ. ಎರಡನೇ ಸಲ ಬೋರ್ಡ್ ಮಾಡಿಸುವಾಗ ಅದು ಎಲ್ಲೂ ಸಿಗಲಿಲ್ಲ. ಮೈಕ್ರೋಕಂಟ್ರೋಲರ್ ಕೈಯಲ್ಲೇ ಇತ್ತು, ಆದರೂ ಕೆಲಸ ನಿಂತಿತು. ತುಂಬಾ ಬೇಜಾರಾಯಿತು.

ಕೊನೆಗೆ ಲೇಔಟ್ ತಿದ್ದಿ 1117 ಅನ್ನುವ ರೆಗ್ಯುಲೇಟರ್ ಹಾಕಿದೆ. ಅದನ್ನು ಹಲವು ಕಂಪನಿಗಳು ಎಸ್‌ಒಟಿ-223 ಅನ್ನುವ ಒಂದೇ ಆಕಾರದ ಪ್ಯಾಕೇಜ್‌ನಲ್ಲಿ ಮಾಡುತ್ತವೆ. ಹಾಗಂತ ಸುಮ್ನೆ ಒಂದರ ಬದಲು ಇನ್ನೊಂದು ಹಾಕಬೇಡಿ. ಕೆಲವು 1117ಗಳು ಸೆರಾಮಿಕ್ ಕೆಪಾಸಿಟರ್ ಜೊತೆ ಚೆನ್ನಾಗಿ ಕೆಲಸ ಮಾಡುತ್ತವೆ. ಕೆಲವಕ್ಕೆ ಔಟ್‌ಪುಟ್‌ನಲ್ಲಿ ಟ್ಯಾಂಟಲಮ್ ಕೆಪಾಸಿಟರ್ ಬೇಕು, ಇಲ್ಲದಿದ್ದರೆ ಆಸಿಲೇಟ್ ಆಗಬಹುದು, ಅಂದರೆ ವೋಲ್ಟೇಜ್ ನಿಲ್ಲದೆ ಏರಿಳಿಯಬಹುದು. ಡೇಟಾಶೀಟ್ ನೋಡಿ ಟ್ಯಾಂಟಲಮ್ಮೇ ಹಾಕಿದೆ. ನನ್ನ ಇನ್‌ಪುಟ್ 5 ವೋಲ್ಟ್, ಹಾಗಾಗಿ ಸರಿಹೋಯಿತು. ಒಂದೇ ಲಿಥಿಯಂ ಸೆಲ್ ಇದ್ದರೆ 1117 ಬೇಡ, ಅದರ ಡ್ರಾಪೌಟ್ (ಇನ್‌ಪುಟ್ ಔಟ್‌ಪುಟ್‌ಗಿಂತ ಕನಿಷ್ಠ ಎಷ್ಟು ಹೆಚ್ಚಿರಬೇಕು ಅನ್ನುವುದು) ಜಾಸ್ತಿ, ಸುಮಾರು 1.1 ವೋಲ್ಟ್.

ಈಗ ಸ್ಕೀಮ್ಯಾಟಿಕ್‌ನಲ್ಲೇ ಪ್ರತಿ ಐಸಿ ಪಕ್ಕ ಬದಲಿ ಪಾರ್ಟ್ ನಂಬರ್ ಬರೆದಿಡುತ್ತೇನೆ.